‘ಬಂತು’ ಎಂದು ಹೇಳಿಯೇ ಮುಟ್ಟುವ ಮಹಾದೇವಿ

ಒಂದು ವಿಷಯ ನನಗೆ ನಾನೇ ಒಪ್ಪಿಕೊಂಡುಬಿಡಬೇಕು. ಮಹಾದೇವಿ ಎಂಬ ಆಯಾ ಬಗ್ಗೆ ಪತ್ರಿಕೆಗೆ ಬರೆಯಲೆಂದು ಡೈರಿಯ ಕೊನೆಯ ಹಾಳೆಯಲ್ಲಿ ಹದಿನಾಲ್ಕು ಪ್ರಶ್ನೆ ಬರೆದುಕೊಂಡಿದ್ದೇನೆ. ಒಂದನ್ನೂ ಬಾಯಿಬಿಟ್ಟು ಕೇಳದೆ ವಾಪಸ್ ಬಂದುಬಿಡುತ್ತೇನೇನೋ ಎಂಬ ಭಯ ನಿನ್ನೆಯಿಂದ ಇದೆ. ಬಸ್ಸಿನಲ್ಲಿ ಇಳಿಯುವ ಸ್ಟಾಪ್ ಬಂದರೂ ‘ಸ್ವಲ್ಪ ಜಾಗ ಬಿಡಿ’ ಅನ್ನಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವವಳು ನಾನು. ಹೂಡಿಯಲ್ಲಿ ಗೆಳತಿಯ ಪಿ.ಜಿ.ಯಲ್ಲಿ ಮಲಗಿದ್ದು ಎದ್ದು ಬಂದಿದ್ದೇನೆ. ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ.

ವೈಟ್‌ಫೀಲ್ಡಿನ ಒಳಬೀದಿಯಲ್ಲಿ ಉಳಿದುಕೊಂಡಿರುವ ಹಳೇ ಹೆಂಚಿನ ಮನೆ ಇದು. ಮೂರು ಕಡೆಯಿಂದ ಅಪಾರ್ಟ್‌ಮೆಂಟುಗಳು ಬಗ್ಗಿ ನೋಡುತ್ತಿವೆ. ಅಂಗಳದಲ್ಲಿ ಒಂದು ಹಲಸಿನ ಮರ, ವರಾಂಡಕ್ಕೆ ಕೆಂಪು ಗಾರೆ, ಮೆಟ್ಟಿಲಿರಬೇಕಾದ ಕಡೆ ಗಾಲಿಕುರ್ಚಿಗೆಂದು ಕಟ್ಟಿದ ಇಳಿಜಾರು. ಸ್ನಾನ, ಊಟ, ಓಡಾಟ ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕಾದ ಹನ್ನೊಂದು ಹೆಂಗಸರು ಇಲ್ಲಿದ್ದಾರೆ. ಎಲ್ಲರೂ ಮೂವತ್ತು ದಾಟಿದವರು. ಅವರ ಮನೆಯವರು ಕೇಳಿಕೊಂಡಿದ್ದರಿಂದ ಈ ಮನೆಯ ಹೆಸರು, ಬೀದಿ ಬರೆಯುತ್ತಿಲ್ಲ.

ಮೂರನೇ ಕೋಣೆಯಲ್ಲಿ ಮಹಾದೇವಿ ಕೆಲಸ ಶುರು ಮಾಡಿದ್ದಾರೆ. ವಯಸ್ಸು ಇಪ್ಪತ್ತೆಂಟು. ಬಿಗಿಯಾಗಿ ಹೆಣೆದ ಜಡೆ, ಒಗೆದೊಗೆದು ಮೆತ್ತಗಾದ ಹತ್ತಿಯ ಚೂಡಿದಾರ. ಮಂಚದ ಮೇಲೆ ಸವಿತಾ ಮಲಗಿದ್ದಾರೆ. ನಲವತ್ತನಾಲ್ಕು ವರ್ಷ, ಹುಟ್ಟಿದಾಗಿನಿಂದ ಕೈಕಾಲು ಬಿಗಿ, ಮಾತಿಲ್ಲ.

“ಸವಿತಕ್ಕ, ಬೆಳಗಾಯ್ತು. ಲೈಟ್ ಬಂತು,” ಅನ್ನುತ್ತಾರೆ ಮಹಾದೇವಿ. ಆದರೆ ಸ್ವಿಚ್ ಒತ್ತುವುದಿಲ್ಲ. ತಮ್ಮ ತೊಡೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹತ್ತು ಎಣಿಸುತ್ತಾರೆ. ಆಮೇಲೆ ಲೈಟು. “ಹೊದಿಕೆ ಬಂತು.” ಮತ್ತೆ ಹತ್ತು. “ಎಡಗೈ ಬಂತು.” ಎಣಿಕೆ ಏಳಕ್ಕೆ ಬಂದಾಗ ಸವಿತಾ ಅವರ ಕಣ್ಣು ಮೇಲಕ್ಕೆ ಹೋಗುತ್ತದೆ. ಮೇಲಕ್ಕೆ ನೋಡಿದರೆ ಹೂಂ, ಗೋಡೆ ಕಡೆ ನೋಡಿದರೆ ಬೇಡ. ಆಗ ಮಾತ್ರ ಮಹಾದೇವಿಯ ಅಂಗೈ ಆ ಮೊಣಕೈ ಕೆಳಗೆ ಹೋಗುತ್ತದೆ. ಬಿಗಿದುಕೊಂಡಿದ್ದ ತೋಳು ತಾನಾಗಿ ಸ್ವಲ್ಪ ಸಡಿಲವಾಗುವುದನ್ನು ಬಾಗಿಲ ಬಳಿ ನಿಂತೇ ಕಾಣುತ್ತೇನೆ.

“ನಿನ್ ಸ್ನಾನ ಮುಗಿಯೋ ಒತ್ಗೆ ನನ್ ಮೊಮ್ಮಗಳು ಮದ್ವೆ ಆಗಿ ಬಾಣಂತನಕ್ಕೆ ಬಂದಿರ್ತಾಳೆ ಕಣೆ,” ಬಿಸಿನೀರಿನ ಬಕೆಟ್ ತಂದಿಡುತ್ತಾ ದೇವಕ್ಕ ಅನ್ನುತ್ತಾರೆ. ಅವರು ಈ ಮನೆಯ ಹಿರಿಯ ಆಯಾ, ಹತ್ತಿರದ ಹಳ್ಳಿಯವರೇ.

“ನಿಮ್ಮ ಮೊಮ್ಮಗಳಿಗೆ ನಾಲ್ಕು ವರ್ಷ,” ಅನ್ನುತ್ತಾರೆ ಮಹಾದೇವಿ, ತಲೆ ಎತ್ತದೆ. “ಸ್ನಾನ ಐವತ್ತು ನಿಮಿಷ.”

“ನೋಡವ್ವ, ಇವಳ ತಾವ ತಮಾಸೆನೂ ಮಾಡಂಗಿಲ್ಲ,” ಅಂತ ನನಗೆ ಕಣ್ಣು ಮಿಟುಕಿಸಿ, “ಎಲ್ಲಿ, ನಮ್ ಪಾಪು ಎದ್ಲಾ?” ಎಂದು ಸವಿತಾ ಕೆನ್ನೆಗೆ ಕೈ ಚಾಚುತ್ತಾರೆ.

“ನಲವತ್ತನಾಲ್ಕು ವರ್ಷ, ದೇವಕ್ಕ. ಮೊದ್ಲು ಹೇಳಿ, ಆಮೇಲೆ ಮುಟ್ಟಿ.”

ದೇವಕ್ಕ ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸುತ್ತಾರೆ. “ಕೆನ್ನೆ ಬಂತು ಸವಿತಮ್ಮ,” ಅನ್ನುತ್ತಾರೆ, ಕದ್ದು ಸಿಕ್ಕಿಬಿದ್ದವರ ದನಿಯಲ್ಲಿ. ಸವಿತಾ ಗೋಡೆ ಕಡೆ ನೋಡುತ್ತಾರೆ. ದೇವಕ್ಕ ಕೈ ವಾಪಸ್ ತಗೊಳ್ಳುತ್ತಾರೆ.

ಮಹಾದೇವಿಗೆ ಆಟಿಸಂ ಇದೆ. ಅದನ್ನು ಯಾರೂ ಪಿಸುಗುಟ್ಟಿ ಹೇಳಲಿಲ್ಲ. ಗೇಟಿನಲ್ಲಿ ನಾನು ಹೆಸರು ಹೇಳಿದ ಕೂಡಲೇ ಅವರೇ ಹೇಳಿದರು: “ನಂಗೆ ಆಟಿಸಂ ಇದೆ. ನಿಮ್ಮ ಮುಖ ನೋಡಲ್ಲ. ಕೇಳಿಸ್ಕೊಳ್ತಿರ್ತೀನಿ.” ಎದುರಿನವರ ಮುಖ ನೋಡುವುದು ನನಗೂ ಕಷ್ಟವೇ. ನಾವಿಬ್ಬರೂ ಗೇಟಿನ ಚಿಲಕ ನೋಡುತ್ತಾ ಪರಿಚಯ ಮಾಡಿಕೊಂಡೆವು.

ಇಂದು ಅವರ ಮೂರು ತಿಂಗಳ ಪ್ರಯೋಗದ ಅವಧಿಯ ಕೊನೆಯ ದಿನ. ಕೆಲಸ ಕಾಯಂ ಆಗುತ್ತದೋ ಇಲ್ಲವೋ ಮಧ್ಯಾಹ್ನದೊಳಗೆ ಗೊತ್ತಾಗಬೇಕು. ಮನೆಯ ಮೇಲ್ವಿಚಾರಕರಾದ ಪರಮಾನಂದ ಅವರ ಮೇಜಿನ ಮೇಲೆ ಒಂದು ದೂರು ಇದೆ. ಬರೆದವರು ಸವಿತಾ ಅವರ ಅಣ್ಣ ಮಲ್ಲಿಕ್, ಬ್ರೂಕ್‌ಫೀಲ್ಡಿನಲ್ಲಿ ಮನೆ. ಪ್ರತಿ ತಿಂಗಳ ಎರಡನೇ ಶನಿವಾರ ತಂಗಿಯನ್ನು ನೋಡಲು ಬರುತ್ತಾರೆ. ಇವತ್ತು ಎರಡನೇ ಶನಿವಾರ.

“ಅವಳ ಕೆಲಸದ ಬಗ್ಗೆ ನಂದೇನೂ ತಕರಾರಿಲ್ಲ ಮೇಡಂ,” ಪರಮಾನಂದ ಕನ್ನಡಕ ಒರೆಸಿಕೊಳ್ಳುತ್ತಾರೆ. “ಆದ್ರೆ ಮನೆಯವರ ಜೊತೆ ಮಾತಾಡೋಕೆ ಬರಲ್ಲ. ಅವರು ನೊಂದ್ಕೊಂಡಿದ್ದಾರೆ. ಮಲ್ಲಿಕ್ ಸಾರ್ ಬೇಡ ಅಂದ್ರೆ ನಾನು ಇವಳನ್ನ ಬಟ್ಟೆ ಒಗೆಯೋ ಕಡೆಗೆ ಹಾಕ್ಬೇಕಾಗುತ್ತೆ. ಅಲ್ಲಿ ಯಾರ ಜೊತೇನೂ ಮಾತಾಡ್ಬೇಕಾಗಿಲ್ಲ, ನೋಡಿ.” ಸ್ವಲ್ಪ ತಡೆದು, “ನೀವು ಬೇಕಾದ್ರೆ ದೇವಕ್ಕನ ಬಗ್ಗೆ ಬರೀರಿ. ಹದಿನೇಳು ವರ್ಷ ಸರ್ವಿಸ್,” ಅಂದರು.

ಎಂಟೂವರೆಗೆ ಮಹಾದೇವಿಗೆ ಬಿಡುವು. ವರಾಂಡದಲ್ಲಿ ಒಗೆದ ದುಪ್ಪಟಿ ಮಡಚುತ್ತಾ ಕೂತಿದ್ದಾರೆ. ನಾನು ಪಕ್ಕದಲ್ಲಿ ಕೂತು ಡೈರಿ ಬಿಚ್ಚುತ್ತೇನೆ, ಮುಚ್ಚುತ್ತೇನೆ. ಮೂರನೇ ಸಲ ಬಿಚ್ಚಿದಾಗ ಅವರು ಕೈ ಚಾಚುತ್ತಾರೆ.

“ಪ್ರಶ್ನೆ ಅದ್ರಲ್ಲಿದ್ಯಾ? ಕೊಡಿ. ನಾನೇ ಓದ್ಕೊಂಡು ಹೇಳ್ತೀನಿ.”

ಜೀವ ಬಂದಂತಾಯಿತು. ಅವರು ಹಾಳೆಯನ್ನು ಮೇಲಿಂದ ಕೆಳಗೆ ಒಮ್ಮೆ ಓದಿ ಹೇಳುತ್ತಾರೆ: “ಮೂರನೇದು, ಒಂಬತ್ತನೇದು ಒಂದೇ ಪ್ರಶ್ನೆ. ಒಂದ್ಸಲ ಹೇಳ್ತೀನಿ. ಹೆಸರು ಬದಲಾಯಿಸ್ಬೇಕಾ ಅಂತ ಕೇಳಿದ್ದೀರ. ಬೇಡ. ನನ್ನ ಹೆಸರು ಮಹಾದೇವಿ. ಬೇರೆ ಹಾಕಿದ್ರೆ ಸುಳ್ಳಾಗುತ್ತೆ.”

ಹೀಗೆ ಒಂದರ ಹಿಂದೊಂದು, ದುಪ್ಪಟಿಗೊಂದು ಉತ್ತರ. ಪಿ.ಯು.ಸಿ. ಮುಗಿದ ಮೇಲೆ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಕೆಲಸ, ಆರು ದಿನ. “ಸ್ಟೀಲ್ ತಟ್ಟೆ ಒಂದಕ್ಕೊಂದು ತಾಗೋ ಸದ್ದು ಹಲ್ಲೊಳಗೆ ಹೋಗ್ತಿತ್ತು.” ಆಮೇಲೆ ಅಂಗಡಿ, ಆಮೇಲೆ ಹೌಸ್‌ಕೀಪಿಂಗ್. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಬ್ಬ ಡಾಕ್ಟರಮ್ಮ ಆಟಿಸಂ ಎಂಬ ಹೆಸರು ಹೇಳಿದರು. ಆರು ತಿಂಗಳು ಆರೈಕೆಯ ತರಬೇತಿ ಮುಗಿಸಿ ಒಂಬತ್ತು ಕಡೆ ಸಂದರ್ಶನಕ್ಕೆ ಹೋದರು. ಒಂಬತ್ತೂ ಕಡೆ ಬೇಡ ಅಂದರು. ನಗಲ್ಲ, ಕಣ್ಣು ನೋಡಿ ಮಾತಾಡಲ್ಲ.

“ಒಬ್ರು, ಕಾಯಿಲೆಯವಳೇ ಕಾಯಿಲೆಯವರನ್ನ ನೋಡ್ಕೊಳ್ಳೋದಾ ಅಂದ್ರು.”

“ನೀವೇನಂದ್ರಿ?” ಇದು ಹಾಳೆಯಲ್ಲಿಲ್ಲದ ಪ್ರಶ್ನೆ. ಹೇಗೋ ಬಾಯಿಂದ ಬಂದುಬಿಟ್ಟಿತು.

“ನಂಗೆ ಜ್ವರ ಇಲ್ಲ ಅಂದೆ.”

ದಿನದ ಲೆಕ್ಕ ಅವರ ನಾಲಿಗೆ ತುದಿಯಲ್ಲಿದೆ. ಅವರ ಪಾಲಿಗೆ ಮೂವರು. ಸ್ನಾನ ಮೂರು, ಬೇರೆಯವರು ಇಪ್ಪತ್ತೈದು ನಿಮಿಷದಲ್ಲಿ ಮುಗಿಸುವುದಕ್ಕೆ ಇವರಿಗೆ ಐವತ್ತು. ಒಂದು ಲೋಟ ನೀರು ಕುಡಿಸಲು ಹನ್ನೆರಡು ನಿಮಿಷ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಮಧ್ಯಾಹ್ನ ಎರಡಕ್ಕೆ ಇಪ್ಪತ್ತು ನಿಮಿಷ ದಾಸ್ತಾನು ಕೋಣೆಯ ಕತ್ತಲಲ್ಲಿ, ಮಡಚಿಟ್ಟ ದುಪ್ಪಟಿಗಳ ನಡುವೆ, ಒಬ್ಬರೇ. ಅಷ್ಟು ಹೊತ್ತು ದೇವಕ್ಕ ಯಾರನ್ನೂ ಆ ಕಡೆ ಬಿಡುವುದಿಲ್ಲ. “ಮಾದೇವಿ ಚಾರ್ಜಿಗೆ ಆಕ್ಕೊಂಡವ್ಳೆ, ಆಮ್ಯಾಕ್ ಬನ್ನಿ,” ಅನ್ನುತ್ತಾರಂತೆ. ಈ ಮೂರು ತಿಂಗಳಲ್ಲಿ ಸವಿತಾ ಅವರ ಚರ್ಮ ಎಲ್ಲೂ ಒಂದು ಕಡೆ ಕೆಂಪಾಗಿಲ್ಲ. ಇದನ್ನು ಮಹಾದೇವಿ ಹೇಳಲಿಲ್ಲ, ದೇವಕ್ಕ ಹೇಳಿದರು.

ಈ ‘ಬಂತು’ ಎಲ್ಲಿಂದ ಬಂತು ಎಂಬುದನ್ನು ನಿನ್ನೆ ಸಂಜೆಯೇ ತಿಳಿದುಕೊಂಡಿದ್ದೆ. ಕಾಡುಗೋಡಿಯ ಹಿಂದಿನ ಓಣಿಯಲ್ಲಿ, ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ಕೂತು ಮಹಾದೇವಿಯ ತಾಯಿ ಮರೆವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಸುರಪುರದ ಕಡೆಯವರು. ಇಪ್ಪತ್ತೇಳು ವರ್ಷದ ಹಿಂದೆ, ಒಂದು ವರ್ಷದ ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಇಲ್ಲಿ ಇಟ್ಟಿಗೆ ಹೊರಲು ಬಂದವರು.

“ಆಗ ಇಲ್ಲಿ ಏನಿತ್ರೀ ಯವ್ವಾ, ಬರೀ ನೀಲಗಿರಿ ಗಿಡ, ಪ್ಯಾರಲ ತ್ವಾಟ,” ಅಂದರು. ಸೀಬೆಹಣ್ಣಿಗೆ ಅವರ ಕಡೆ ಪ್ಯಾರಲ ಅನ್ನುತ್ತಾರೆ. “ಗೂಡ್ಸ್ ಗಾಡಿ ಹೋದ್ರ ಶೆಡ್ಡಿನ ತಗಡು ನಡುಗ್ತಿತ್ತು. ಈಕಿ ಕಿವಿ ಮುಚ್ಕೊಂಡು ನನ್ನ ಸೆರಗಿನಾಗ ಹೊಕ್ಕೊಳ್ಳಾಕಿ. ನಾವು ಸಾಲಾಗಿ ನಿಂತು ಇಟ್ಟಂಗಿ ಕೈಯಿಂದ ಕೈಗೆ ಒಗೀತಿದ್ವಿ. ಒಗಿಯೂ ಮುಂದ ‘ಬಂತು’ ಅನ್ನಬೇಕ್ರೀ, ಇಲ್ಲಾಂದ್ರ ಮುಂದಿನಾಕಿ ಕೈ ಮುರೀತಾವ. ಈಕಿ ಮೈಮ್ಯಾಲೆ ನೀರು ಬಿದ್ರ ಸಾಕು, ಚೀರಾಕಿ. ಒಂದಿನ ರೂಢಿಮ್ಯಾಲೆ ‘ಬಂತು’ ಅಂತ ಬಾಯಾಗ ಬಂತು, ನೀರು ಹಾಕಿದೆ. ಸುಮ್ಮನಾದ್ಲು. ಅವತ್ತಿನಿಂದ ತುತ್ತಿಗೂ ಬಂತು, ಬಾಚಣಿಗಿಗೂ ಬಂತು.” ಸೊಪ್ಪಿನ ಕಡ್ಡಿ ಪಕ್ಕಕ್ಕೆಸೆದು ನಕ್ಕರು. ಆ ಕಾಲದ್ದು ನೆನಪಿಗೆ ಅಂತ ಏನಾದರೂ ಉಳಿದಿದೆಯಾ ಎಂದು ಕೇಳಿದ್ದಕ್ಕೆ, ಓಣಿಯ ತುದಿಯಲ್ಲಿ ಕಾಣುವ ಗಾಜಿನ ಕಟ್ಟಡದ ಕಡೆ ಗದ್ದ ಎತ್ತಿ ತೋರಿಸಿದರು. “ಆ ಗ್ವಾಡಿ ಒಳಗ ನಮ್ಮ ಇಟ್ಟಂಗಿ ಅದಾವ. ಈಗ ಒಳಗ ಬಿಡಂಗಿಲ್ಲ.”

ಹದಿನಾಲ್ಕನೆಯ ಪ್ರಶ್ನೆ, ನಿಮ್ಮ ಕನಸೇನು ಎಂಬುದು. ಎಲ್ಲರನ್ನೂ ಕೇಳುವಂಥದ್ದು, ಬರೆಯುವಾಗಲೇ ನನಗೆ ನಾಚಿಕೆಯಾಗಿತ್ತು. ಮಹಾದೇವಿ ಕೊನೆಯ ದುಪ್ಪಟಿಯ ಮೂಲೆಗೆ ಮೂಲೆ ಸೇರಿಸುತ್ತಾರೆ.

“ಸೋಮವಾರನೂ ಸವಿತಕ್ಕನ ಸ್ನಾನ ನಾನೇ ಮಾಡಿಸ್ಬೇಕು.”

ಹೋದ ತಿಂಗಳು ಏನಾಯಿತೆಂದು ಅವರೇ ರಿಜಿಸ್ಟರ್ ತಂದು ತೋರಿಸುತ್ತಾರೆ. ಸವಿತಾ ಅವರ ದಿನಚರಿ ಅದು. ಆರು ವರ್ಷದ ಪುಟಗಳಲ್ಲಿ, ಎಲ್ಲ ಎರಡನೇ ಶನಿವಾರಗಳ ಎದುರು ಬೇರೆ ಬೇರೆ ಕೈಬರಹದಲ್ಲಿ ಒಂದೇ ಪದ: ಆರಾಮ. ಕೊನೆಯ ಎರಡು ಮಾತ್ರ ಮಹಾದೇವಿಯ ದುಂಡನೆಯ ಅಕ್ಷರ. ‘ಹನ್ನೊಂದು ಹತ್ತರಿಂದ ಹನ್ನೊಂದು ಐವತ್ತರವರೆಗೆ ಬಾಗಿಲು ನೋಡುತ್ತಾ ಅತ್ತರು. ಕಾರಣ: ಅಣ್ಣ ಹೇಳದೆ ಹೋದರು.’ ಅದರ ಮುಂದಿನ ತಿಂಗಳು ಮೂವತ್ತೈದು ನಿಮಿಷ, ಅದೇ ಕಾರಣ.

ಮಲ್ಲಿಕ್ ಹೊರಡುವಾಗ ತಂಗಿಗೆ ಹೇಳುವುದಿಲ್ಲ. ಹೇಳಿದರೆ ಅಳುತ್ತಾಳೆಂದು ಕಣ್ತಪ್ಪಿಸಿ ಹೋಗುತ್ತಾರೆ. ಹೋದ ತಿಂಗಳು ಗೇಟಿನವರೆಗೆ ಹೋಗಿದ್ದವರು ಮರೆತ ಕನ್ನಡಕಕ್ಕೆಂದು ಆಫೀಸಿನ ಬಾಗಿಲಿಗೆ ಬಂದು, ಎದುರು ಸಿಕ್ಕ ಮಹಾದೇವಿಯನ್ನು ವಾಡಿಕೆಯಂತೆ ಕೇಳಿದರು, ತಂಗಿ ಆರಾಮಾಗಿದ್ದಾಳಲ್ವಾ ಅಂತ. ನಾವಾಗಿದ್ದರೆ ಹೂಂ ಸಾರ್ ಅಂದುಬಿಡುತ್ತಿದ್ದೆವು. ಮಹಾದೇವಿ ಅಂದರು: “ಇಲ್ಲ. ಅಳ್ತಿದ್ದಾರೆ. ನೀವು ಕದ್ದು ಹೋಗ್ತೀರಲ್ಲ, ಅದಕ್ಕೆ.” ನಾಲ್ಕು ಜನ ಕೇಳಿಸಿಕೊಂಡರು. ದೂರು ಮರುದಿನ ಬಂತು.

ಒಂಬತ್ತೂವರೆಗೆ ಪರಮಾನಂದ ವರಾಂಡಕ್ಕೆ ಬರುತ್ತಾರೆ. ದನಿ ಜೋರಿಲ್ಲ. “ನೋಡಮ್ಮಾ, ಅವರು ಬಂದಾಗ ಸಾರಿ ಅಂತ ಒಂದು ಮಾತು ಹೇಳ್ಬಿಡು. ಇವತ್ತಿನ ಪುಟಕ್ಕೆ ಆರಾಮ ಅಂತ ಬರೀ. ಅಷ್ಟು ಮಾಡಿದ್ರೆ ನಾನು ಅವರ ಹತ್ರ ಮಾತಾಡ್ತೀನಿ.”

“ಅಳದೆ ಇದ್ರೆ ಆರಾಮ ಅಂತ ಬರೀತೀನಿ ಸಾರ್.”

“ಅತ್ರೆ?”

“ಎಷ್ಟು ನಿಮಿಷ ಅಂತ ಬರೀತೀನಿ. ಕೈ ಬರೋದನ್ನ, ನೀರು ಬರೋದನ್ನ ಹೇಳ್ತೀವಿ. ಜನ ಹೋಗೋದನ್ನೂ ಹೇಳ್ಬೇಕಲ್ವಾ ಸಾರ್?”

ಪರಮಾನಂದ ನನ್ನ ಕಡೆ ನೋಡುತ್ತಾರೆ, ನೀವಾದರೂ ಹೇಳಿ ಅನ್ನುವ ಹಾಗೆ. ನಾನು ಪೆನ್ನಿನ ಮುಚ್ಚಳ ನೋಡುತ್ತೇನೆ. “ಸರಿ, ಅವರು ಇರೋವರೆಗೂ ನೀನು ಮೇಲೆ ಟೆರೇಸಲ್ಲಿ ಬಟ್ಟೆ ಒಣಹಾಕು,” ಅಂದು ಹೋಗುತ್ತಾರೆ. ಮಹಾದೇವಿ ಮೂರನೇ ಕೋಣೆಗೆ ಹೋಗಿ, “ಸವಿತಕ್ಕ, ನಾನು ಟೆರೇಸಿಗೆ ಹೋಗ್ತಿದ್ದೀನಿ. ಹನ್ನೊಂದೂವರೆಗೆ ಬರ್ತೀನಿ,” ಎಂದು ಹೇಳಿ, ಹತ್ತು ಎಣಿಸಿ, ಒದ್ದೆ ಬಟ್ಟೆಯ ಬುಟ್ಟಿ ಎತ್ತಿಕೊಳ್ಳುತ್ತಾರೆ.

ಮಲ್ಲಿಕ್ ಹತ್ತಕ್ಕೆ ಸರಿಯಾಗಿ ಬರುತ್ತಾರೆ. ಮನಸ್ಸಿನಲ್ಲಿ ನಾನು ಅವರನ್ನು ಸಿಡುಕಿನ ಮನುಷ್ಯ ಮಾಡಿಕೊಂಡಿದ್ದೆ. ಬಂದವರು ನಲವತ್ತೇಳರ, ಸ್ವಲ್ಪ ಬಗ್ಗಿ ನಡೆಯುವ, ಲಿಫ್ಟ್ ಕಂಪನಿಯೊಂದರ ಎಂಜಿನಿಯರ್. ದಾವಣಗೆರೆಯ ಮನೆಯಿಂದ ತಂದ ವಿಭೂತಿಯನ್ನು ಕಾಗದದಿಂದ ಬಿಡಿಸಿ ತಂಗಿಯ ಹಣೆಗೆ ಮೂರು ಬೆರಳಿನಲ್ಲಿ ಎಳೆದರು. ಅನ್ನ ಸಾರನ್ನು ನುಣ್ಣಗೆ ಕಿವುಚಿ ತಿನ್ನಿಸಿದರು. ಕೊನೆಯ ತುತ್ತಿನ ಚಮಚೆಯನ್ನು ಸವಿತಾ ತುಟಿಯಲ್ಲೇ ಹಿಡಿದುಕೊಂಡರು, ಬಿಡಲಿಲ್ಲ. ಅಣ್ಣ ತಂಗಿ ಇಬ್ಬರೂ ನಕ್ಕರು. ಸವಿತಾ ನಕ್ಕರೆ ಇಡೀ ಮೈ ನಗುತ್ತದೆ.

“ಮೊದಲು ನಾನೇ ಇವಳನ್ನ ಬೆನ್ನ ಮೇಲೆ ಹೊತ್ಕೊಂಡು ತಿರುಗ್ತಿದ್ದೆ,” ನನಗೆ ಹೇಳುತ್ತಾರೆ. “ಮಂಡಿಪೇಟೆಗೆ ಹೋದ್ರೆ ಮಂಡಕ್ಕಿ ಹುರಿಯೋ ಸದ್ದಿಗೆ ಬೆನ್ನ ಮೇಲೆ ಕುಣಿಯೋಳು. ಹದಿನೆಂಟಕ್ಕೆ ನಾನು ಹುಬ್ಬಳ್ಳಿಗೆ ಓದೋಕೆ ಹೊರಟೆ. ಅವ್ವ ಹೇಳಿದ್ರು, ಹಿತ್ತಲ ಬಾಗ್ಲಿಂದ ಹೋಗಿಬಿಡು, ಅವಳ ಕಣ್ಣಿಗೆ ಬೀಳಬೇಡ, ಅಳ್ತಾಳೆ ಅಂತ. ಟ್ರಂಕ್ ತಲೆ ಮೇಲಿಟ್ಕೊಂಡು ಬಚ್ಚಲ ಸಂದೀಲಿ ಹೋದೆ. ಅವತ್ತಿಂದ ಇವತ್ತಿನವರೆಗೆ ಹಾಗೇ. ಅವಳಿಗೆ ನೋವಾಗಬಾರದು ಅಂತ ತಾನೇ? ಆ ಹುಡುಗಿ ಕದ್ದು ಹೋಗ್ತೀರ ಅಂದ್ಲು ನೋಡಿ, ಎಲ್ಲರೆದುರಿಗೆ. ಎರಡು ದಿನ ಊಟ ಸೇರಲಿಲ್ಲ. ಬೇಡ ಅಂತ ಪರಮಾನಂದರಿಗೆ ಹೇಳಿದ್ದೀನಿ. ಹೃದಯ ಇಲ್ಲದವರು ಈ ಕೆಲಸಕ್ಕೆ ಬರಬಾರದು.”

ಬರೆದುಕೊಂಡೆ. ನನಗೆ ಬರುವುದು ಅದೊಂದೇ.

ಹನ್ನೊಂದಕ್ಕೆ ಐದು ನಿಮಿಷ. ಮಲ್ಲಿಕ್ ದೇವಕ್ಕನ ಕಡೆ ನೋಡುತ್ತಾರೆ. ಇದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕ್ರಮ. “ಬಾರವ್ವ, ಅಲಸಿನ ಮರದಾಗೆ ಅಳಿಲು ಬಂದೈತಂತೆ, ನೋಡವ,” ಎಂದು ದೇವಕ್ಕ ಗಾಲಿಕುರ್ಚಿಯನ್ನು ಅಂಗಳಕ್ಕೆ, ಗೇಟಿಗೆ ಬೆನ್ನಾಗುವಂತೆ ತಿರುಗಿಸುತ್ತಾರೆ. ಪರಮಾನಂದ ಗೇಟಿನ ಚಿಲಕವನ್ನು ಸದ್ದಾಗದಂತೆ ಮೊದಲೇ ತೆಗೆದಿಟ್ಟು ಆಫೀಸಿನೊಳಗೆ ಹೋಗಿದ್ದಾರೆ. ಮಲ್ಲಿಕ್ ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡು, ಬರಿಗಾಲಲ್ಲಿ ಕೆಂಪು ಗಾರೆಯ ಮೇಲೆ ಹೆಜ್ಜೆ ಇಡುತ್ತಾರೆ. ಐವತ್ತರ ಹತ್ತಿರದ ಗಂಡಸು ಹೀಗೆ ಹೋಗುವುದನ್ನು ನೋಡಿದರೆ ಎಂಥವರಿಗೂ ಪಾಪ ಅನಿಸುತ್ತದೆ.

ಗೇಟಿನ ಪಕ್ಕ ನಾನು ನಿಂತಿದ್ದೇನೆ. ಅವರು ತುಟಿಯ ಮೇಲೆ ಬೆರಳಿಟ್ಟು, ಮುಗುಳ್ನಕ್ಕು, ನನ್ನನ್ನೂ ಇದರಲ್ಲಿ ಸೇರಿಸಿಕೊಳ್ಳುತ್ತಾರೆ.

ಅಳಿಲಿನ ಕಡೆ ತಿರುಗಿಸಿದ್ದ ಸವಿತಾ ಅವರ ಕತ್ತು ಒಂದಿಷ್ಟೇ, ಕಷ್ಟಪಟ್ಟು, ಹಿಂದಕ್ಕೆ ಗೇಟಿನ ಕಡೆ ವಾಲುತ್ತಿದೆ. ಬೇಗೂರಿನ ಕೆರೆ ಏರಿ ನೆನಪಾಗುತ್ತದೆ. ನನಗೆ ಆಗ ನಾಲ್ಕು ವರ್ಷ. ಅಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೊರಡುವ ಹೊತ್ತಿಗೆ ಅಜ್ಜಿ ನನ್ನನ್ನು ಎತ್ತಿಕೊಂಡು ಕೆರೆಯ ನೀರುಕೋಳಿ ತೋರಿಸಲು ಬರುತ್ತಿದ್ದಳು. ಅಜ್ಜಿಯ ಹೆಗಲ ಮೇಲೆ ಬಾಡಿದ ಕನಕಾಂಬರದ ವಾಸನೆ. ನೀರುಕೋಳಿ ನೋಡು, ನೀರುಕೋಳಿ ನೋಡು. ನಾನು ನೋಡುತ್ತಿದ್ದೆ. ಹಿಂದೆ ದೂರದಲ್ಲಿ ನಮ್ಮ ಮನೆಯ ತಗಡಿನ ಬಾಗಿಲು ಎಳೆದುಕೊಳ್ಳುವ ಸದ್ದನ್ನು ಕೇಳುತ್ತಿದ್ದೆ. ನಾನು ಅಳಬಾರದು ಎಂದು ಇವರೆಲ್ಲ ಇಷ್ಟು ಕಷ್ಟಪಡುತ್ತಿದ್ದಾರೆ ಅಂತ ಗೊತ್ತಿದ್ದರಿಂದ, ನೀರುಕೋಳಿ ಕಂಡು ಖುಷಿಯಾದವಳ ಹಾಗೆ ಚಪ್ಪಾಳೆ ತಟ್ಟುತ್ತಿದ್ದೆ. ಇದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಡೈರಿಯಲ್ಲೂ ಬರೆದಿಲ್ಲ.

ಮಲ್ಲಿಕ್ ನನ್ನನ್ನು ದಾಟಿ ಗೇಟಿಗೆ ಕೈ ಹಾಕಿದ್ದಾರೆ.

“ಸಾರ್,” ಅನ್ನುತ್ತೇನೆ. ತೀರಾ ಮೆಲ್ಲಗೆ. ಆದರೂ ನಿಲ್ಲುತ್ತಾರೆ. “ಹೇಳಿ ಹೋಗಿ ಸಾರ್.”

“ಅಳ್ತಾಳಮ್ಮಾ,” ಅವರೂ ಪಿಸುದನಿಯಲ್ಲೇ.

“ಅಳ್ಲಿ ಸಾರ್. ನೀವು ಇರೋವಾಗ್ಲೇ ಅಳ್ಲಿ.”

ಅವರ ಮುಖದ ನಗು ಹೋಗುತ್ತದೆ. ಟೆರೇಸಿನ ಕಡೆ ನೋಡುತ್ತಾರೆ. ಅಲ್ಲಿ ತಂತಿಗೆ ಒಂದೊಂದೇ ಲಂಗ ಏರುತ್ತಿದೆ, ಮಹಾದೇವಿ ಕಾಣುವುದಿಲ್ಲ, ಅವರ ಕೈ ಮಾತ್ರ ಕಾಣುತ್ತದೆ. “ಆ ಹುಡುಗಿ ಹೇಳಿಕೊಟ್ಟಳಾ ನಿಮಗೆ?” ಎಂದು ಕೇಳುತ್ತಾರೆ. ಕೇಳುತ್ತಲೇ ಗೇಟಿನಿಂದ ಕೈ ತೆಗೆದು, ಬಗ್ಗಿ, ಚಪ್ಪಲಿಯನ್ನು ನೆಲಕ್ಕಿಡುತ್ತಾರೆ.

“ಇಲ್ಲ ಸಾರ್,” ಅನ್ನುತ್ತೇನೆ. ಈ ಸಲ ಅವರ ಮುಖ ನೋಡಿಯೇ. “ನಮ್ಮಮ್ಮನೂ ಹಿಂಗೇ ಹೋಗ್ತಿದ್ರು. ನಂಗೆ ಪ್ರತಿ ಸಲ ಗೊತ್ತಾಗ್ತಿತ್ತು.”